ಫೋನ್ ಕಸಿದುಕೊಂಡರೆ ಆಯಿತಾ?

ಮಕ್ಕಳ ಕೈಯಿಂದ ಫೋನ್ ಕಸಿದುಕೊಂಡರೆ ಎಲ್ಲ ಸರಿಹೋಗುತ್ತದೆ ಅನ್ನೋ ಮಾತನ್ನು ಇಲ್ಲಿ ಮೆಲ್ಬರ್ನ್‌ನಲ್ಲೂ ಕೇಳುತ್ತೇನೆ, ಕೊಡಗಿಗೆ ಫೋನ್ ಮಾಡಿದಾಗಲೂ ಕೇಳುತ್ತೇನೆ. ಇದು ಅರ್ಧ ಮಾತು ಅಂತ ನನ್ನ ಅನಿಸಿಕೆ. ಕಸಿದುಕೊಂಡ ಮೇಲೆ ಮಗುವಿನ ಜೊತೆ ಯಾರು ಇರುತ್ತಾರೆ ಅನ್ನೋದರ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ.

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಹೊಸ ಕಾನೂನು ಬಂದಿದೆ. 16 ವರ್ಷ ತುಂಬದವರು ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಯೂಟ್ಯೂಬ್‌ನಂಥ ಕಡೆ ಖಾತೆ ಇಟ್ಟುಕೊಳ್ಳುವ ಹಾಗಿಲ್ಲ. ಇದರಲ್ಲಿ ನನಗೆ ತುಂಬ ಹಿಡಿಸಿದ್ದು ದಂಡದ ವಿಷಯ. ತಪ್ಪಿದರೆ ಕಂಪನಿಯೇ ಕಟ್ಟಬೇಕು, 4.95 ಕೋಟಿ ಡಾಲರ್‌ವರೆಗೆ. ಮಗುವಿಗೂ ದಂಡವಿಲ್ಲ, ಅಪ್ಪ ಅಮ್ಮನಿಗೂ ಇಲ್ಲ. ದುಡ್ಡು ಮಾಡುವವರು ಅವರು, ಹೊಣೆಯೂ ಅವರದೇ ಆಗಬೇಕು ಅಲ್ವಾ?

ಆದರೆ ಅದೇ ಕಾನೂನಿನ ಇನ್ನೊಂದು ಮುಖ ನನಗೆ ಒಪ್ಪಿಗೆಯಿಲ್ಲ. ಖಾತೆ ಇಲ್ಲದೆಯೂ ಯೂಟ್ಯೂಬ್ ನೋಡಬಹುದು. ಮೊದಲು ಅಪ್ಪ ಅಮ್ಮ ಮಗುವಿನ ಖಾತೆಯನ್ನು ತಮ್ಮ ಖಾತೆಗೆ ಜೋಡಿಸಿ, ಇಂಥ ವಿಡಿಯೊ ಬೇಡ ಅಂತ ತಡೆ ಹಾಕಬಹುದಿತ್ತು. ಖಾತೆ ಹೋದಾಗ ಆ ತಡೆಯೂ ಹೋಯಿತು. ಮಗು ನೋಡುವುದನ್ನು ಬಿಡಲಿಲ್ಲ, ಜೊತೆಗಿದ್ದ ದೊಡ್ಡವರನ್ನು ಹೊರಗೆ ಹಾಕಿದ ಹಾಗಾಯಿತು.

ಶಾಲೆಗಳ ನಿಯಮ ಇದಕ್ಕಿಂತ ಚೆನ್ನಾಗಿದೆ. ಈ ವಿಕ್ಟೋರಿಯಾ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2020ರಿಂದ ಮೊದಲ ಬೆಲ್‌ನಿಂದ ಕೊನೆಯ ಬೆಲ್‌ವರೆಗೆ ಫೋನ್ ಆಫ್ ಮಾಡಿ ಎತ್ತಿಡಬೇಕು. ಸಂಜೆ ಮತ್ತೆ ಮಗುವಿನ ಕೈಗೆ. ಪಾಠಕ್ಕೆ ಅಡ್ಡಿಯಿಲ್ಲ, ದಾರಿಯಲ್ಲಿ ಮನೆಯವರಿಗೆ ಚಿಂತೆಯಿಲ್ಲ.

ಕೊಡಗಿನ ನಮ್ಮೂರಲ್ಲಿ ಆಗಿದ್ದು ನೋಡಿ. ನಮ್ಮಕ್ಕನ ಮಗಳ ಬ್ಯಾಗಿನಲ್ಲಿ ಫೋನ್ ಸಿಕ್ಕಿತು ಅಂತ ಶಾಲೆಯವರು ತೆಗೆದಿಟ್ಟುಕೊಂಡರು. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಕೊಡುತ್ತೇವೆ ಅಂದರು. ಆ ಹುಡುಗಿ ಬಸ್ ಇಳಿದು ಮನೆಗೆ ಹೋಗುವುದು ಕಾಫಿ ತೋಟದ ನಡುವಿನ ದಾರಿಯಲ್ಲಿ. ಅಮ್ಮತ್ತಿ, ಸಿದ್ದಾಪುರದ ಕಡೆ ಆನೆಗಳು ಹಗಲೆಲ್ಲ ತೋಟದೊಳಗೇ ನಿಂತಿರುತ್ತವೆ. ಕಾಫಿ ಗಿಡಗಳ ಮರೆಯಲ್ಲಿ ಹತ್ತು ಹೆಜ್ಜೆ ಆಚೆ ನಿಂತರೂ ಗೊತ್ತಾಗುವುದಿಲ್ಲ. ಯಾರ ಕಣ್ಣಿಗಾದರೂ ಬಿದ್ದರೆ ತಕ್ಷಣ ವಾಟ್ಸಾಪ್ ಗ್ರೂಪಿಗೆ ಬರುತ್ತದೆ: ‘ಲೈನ್ ಮನೆ (ತೋಟದ ಕೆಲಸಗಾರರ ಮನೆಗಳ ಸಾಲು) ಹತ್ತಿರ ಮೂರು ಆನೆ, ಮರಿ ಇದೆ, ಈ ಕಡೆ ಬರಬೇಡಿ.’ ಆ ಮೆಸೇಜ್ ಕಾರಿನಲ್ಲಿ ಹೋಗುವವರಿಗೆ ಸಿಗುತ್ತದೆ, ಮನೆಯಲ್ಲಿ ಕೂತವರಿಗೆ ಸಿಗುತ್ತದೆ, ದೂರದ ಮೆಲ್ಬರ್ನ್‌ನಲ್ಲಿ ನನಗೂ ಸಿಗುತ್ತದೆ. ನಡೆದುಕೊಂಡು ಬರುವ ಮಗುವಿಗೆ ಮಾತ್ರ ಸಿಗುವುದಿಲ್ಲ. ‘ಕ್ಲಾಸಲ್ಲಿ ಬೇಡ ಅಂದ್ರೆ ನಾನೂ ಬೇಡ ಅಂತೀನಿ. ಬಸ್ ಇಳಿದಾಗ ಅವಳಿಗೆ ಯಾರು ಹೇಳ್ಬೇಕು?’ ಅಂತ ಅಕ್ಕ ಕೇಳಿದಳು. ಈ ಪ್ರಶ್ನೆಗೆ ಶಾಲೆಯಿಂದ ಉತ್ತರ ಬಂದಿಲ್ಲ.

ಕೋವಿಡ್‌ನಿಂದ ಶಾಲೆ ಮುಚ್ಚಿ ಪಾಠವೆಲ್ಲ ಫೋನಿನಲ್ಲೇ ಆಗುತ್ತಿದ್ದ 2020ರಲ್ಲಿ ಇದೇ ಫೋನ್ ಹಿಡಿದು ನಮ್ಮ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದ್ದರು. ಸೋಮವಾರಪೇಟೆ ತಾಲೂಕಿನ ಮೇಷ್ಟ್ರೊಬ್ಬರು ಮರದ ಮೇಲೆ ಅಟ್ಟ ಕಟ್ಟಿ ಅಲ್ಲಿಂದ ಪಾಠ ಮಾಡಿದರು. ಆಗ ಬೇಕೇ ಬೇಕಿದ್ದ ವಸ್ತು ಈಗ ಬ್ಯಾಗಿನಲ್ಲಿದ್ದರೂ ಅಪರಾಧ.

ಅಪಾಯದ ವಸ್ತುವನ್ನು ಮಕ್ಕಳಿಗೆ ಪರಿಚಯ ಮಾಡಿಸುವುದು ಹೇಗೆ ಅಂತ ಕೊಡಗಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಇರುವವರು) ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಅನ್ನುವ ಹೂ ಇಟ್ಟು ಪೂಜೆ ಮಾಡುತ್ತಾರೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ. ಮೊದಲ ಸಲ ಕೋವಿ ಹಿಡಿಯುವ ಹುಡುಗನ ಬೆನ್ನಿಗೆ ಮಾವನೋ ದೊಡ್ಡಪ್ಪನೋ ನಿಂತಿರುತ್ತಾರೆ. ನಳಿಗೆ ಯಾರ ಕಡೆಗೂ ತಿರುಗಿಸಬೇಡ, ಹೆಗಲಿಗೆ ಗಟ್ಟಿಯಾಗಿ ಒತ್ತಿಕೋ, ಹೇಳೋವರೆಗೆ ಕುದುರೆಗೆ (ಟ್ರಿಗರ್‌ಗೆ) ಬೆರಳು ತಾಗಿಸಬೇಡ. ಉಳಿದ ದಿನ ಕೋವಿ ದೊಡ್ಡವರ ಸುಪರ್ದಿನಲ್ಲಿ. ಇಷ್ಟು ಜೋಪಾನ ಬಲ್ಲ ಮನೆಯಲ್ಲೇ ಎರಡು ವರ್ಷದ ಮಗುವಿಗೆ ಅನ್ನ ತಿನ್ನಿಸಲು ಸುಮ್ನೆ ಫೋನ್ ಕೊಟ್ಟು ಆಚೆ ಹೋಗುತ್ತಾರೆ. ಇದು ನನಗೆ ನೋವಿನ ವಿಷಯ.

ಭಾರತದ 2023ರ ಡೇಟಾ ಕಾನೂನು 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಎಷ್ಟೋ ಮನೆಗಳಲ್ಲಿ ಅಜ್ಜಿಯ ಗ್ಯಾಸ್ ಬುಕ್ ಮಾಡುವುದು, ಅಪ್ಪನ ಫೋನ್‌ಪೇ ನೋಡುವುದು ಎಂಟನೇ ಕ್ಲಾಸಿನ ಹುಡುಗನೇ. ಅಪ್ಪನ ಒಪ್ಪಿಗೆ ಕೇಳುವ ಒಟಿಪಿಯೂ ಅವನ ಕೈಗೇ ಬರುತ್ತದೆ. ಅಪ್ಪ ಅಮ್ಮನಿಗೆ ಫೋನ್ ಕಲಿಸದೆ ಇಂಥ ಒಪ್ಪಿಗೆ ಕೇಳಿದರೆ ಅದು ಬರೀ ಕಾಗದದ ಮೇಲಿನ ಒಪ್ಪಿಗೆ.

ಅಕ್ಕನ ಬೇಡಿಕೆ ಚಿಕ್ಕದು. ಆಫೀಸ್ ರೂಮಿನಲ್ಲಿ ಒಂದು ಬೀರು ಇಡಲಿ, ಬೆಳಿಗ್ಗೆ ಫೋನ್ ಒಳಗೆ, ಸಂಜೆ ಬೆಲ್ ಆದ ಮೇಲೆ ವಾಪಸ್. ಹಲಸು ಹಣ್ಣಾಗುವ ಹೊತ್ತಿಗೆ ತೋಟದಲ್ಲಿ ಆನೆ ಜಾಸ್ತಿ, ಹಿಂದೆಯೇ ಮಳೆಗಾಲ ಬೇರೆ. ಹಾಗಾಗಿ ಜೂನ್‌ನಲ್ಲಿ ಶಾಲೆ ಜೋರಾಗುವ ಮೊದಲೇ ಇದು ಆಗಬೇಕು. ಬೀರುವಿನ ದುಡ್ಡನ್ನು ಪೋಷಕರೇ ಹಾಕುತ್ತಾರಂತೆ. ನನ್ನ ಪಾಲು ನಾನು ಕಳಿಸಿದ್ದೇನೆ.