ಭಯೋತ್ಪಾದನೆ ಆರೋಪಿಗೆ ವಕೀಲರೇ ಸಿಗುವುದಿಲ್ಲವೇ? ಒಂದು ಸ್ಪಷ್ಟನೆ

ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಯುಎಪಿಎ (ಭಯೋತ್ಪಾದನೆ ಕೇಸುಗಳಲ್ಲಿ ಬಳಸುವ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಅಡಿ ಹಿಡಿದವರನ್ನು ಪೊಲೀಸರು 180 ದಿನ ತಮ್ಮ ಹತ್ತಿರವೇ ಇಟ್ಟುಕೊಳ್ಳಬಹುದು, ಕೋರ್ಟಿಗೆ ಒಯ್ಯಬೇಕಿಲ್ಲ, ವಕೀಲರೂ ಸಿಗುವುದಿಲ್ಲ ಎಂದು ಅದರಲ್ಲಿದೆ. ಇದು ತಪ್ಪು.

180 ದಿನ ಎಂಬುದು ತನಿಖೆ ಮುಗಿಸಲು ಕೋರ್ಟ್ ಕೊಡಬಹುದಾದ ಗರಿಷ್ಠ ಗಡುವು. ಪೊಲೀಸ್ ಕಸ್ಟಡಿ ಜಾಸ್ತಿ ಎಂದರೆ 30 ದಿನ, ಅದೂ ಕೋರ್ಟ್ ಒಪ್ಪಿದರೆ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ವಕೀಲರ ಹಕ್ಕನ್ನು ಸಂವಿಧಾನದ 22ನೇ ವಿಧಿಯೇ ಕೊಟ್ಟಿದೆ. ಬಂಧನದ ಕಾರಣವನ್ನು ಬರೆದು ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಜಾಮೀನು ಸಿಗುವುದು ಮಾತ್ರ ನಿಜಕ್ಕೂ ಕಷ್ಟ.

ಹೊಡೆದು ಬಾಯಿ ಬಿಡಿಸಿದರೆ ತಪ್ಪೇನು ಎಂದೂ ಸಂದೇಶ ಕೇಳುತ್ತದೆ. ಈ ಮಾತು ನನಗೆ ಬಹಳ ನೋವು ಕೊಟ್ಟಿತು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಯುಎಪಿಎ ಕೇಸಿನಲ್ಲೂ ಸಾಕ್ಷ್ಯವಲ್ಲ. ಹಿಂದೆ ಇದ್ದ ಭಯೋತ್ಪಾದನೆ ತಡೆ ಕಾಯ್ದೆ ಪೋಟಾದಲ್ಲಿ ಅದಕ್ಕೆ ಬೆಲೆ ಇತ್ತು. ಆಗ ಏನಾಯಿತು? ಗುಜರಾತಿನ ಅಕ್ಷರಧಾಮ ದೇವಸ್ಥಾನದ ಮೇಲಿನ ದಾಳಿ ಕೇಸಿನಲ್ಲಿ ಅಂಥ ಹೇಳಿಕೆಗಳ ಮೇಲೆ ಕೆಲವರಿಗೆ ಗಲ್ಲು ಶಿಕ್ಷೆಯ ತೀರ್ಪೂ ಬಂತು. 2014ರಲ್ಲಿ ಸುಪ್ರೀಂ ಕೋರ್ಟ್ ಆ ಕೇಸಿನ ಆರೂ ಜನರನ್ನು ಬಿಡುಗಡೆ ಮಾಡಿತು. ಹತ್ತಿರ ಹತ್ತಿರ ಹನ್ನೊಂದು ವರ್ಷ ಜೈಲಿನಲ್ಲಿ ಕಳೆದವರೂ ಅವರಲ್ಲಿದ್ದರು. ಆ ವರ್ಷಗಳನ್ನು ಯಾರು ವಾಪಸ್ ಕೊಡುತ್ತಾರೆ?

ಮುಂಬೈ ದಾಳಿಯಲ್ಲಿ ಸಿಕ್ಕಿಬಿದ್ದ ಕಸಬ್‌ಗೂ ಕೋರ್ಟ್ ವಕೀಲರನ್ನು ಕೊಟ್ಟಿತ್ತು. ವಿಚಾರಣೆ, ಮೇಲ್ಮನವಿ ಎಲ್ಲ ಮುಗಿದ ಮೇಲೆಯೇ 2012ರಲ್ಲಿ ಗಲ್ಲಾಯಿತು. ಅದೇ ಕೇಸಿನಲ್ಲಿ ಇಬ್ಬರು ಭಾರತೀಯರು ಖುಲಾಸೆಯಾದರು. ವಿಚಾರಣೆ ಇಲ್ಲದಿದ್ದರೆ ಅವರೂ ಉಳಿಯುತ್ತಿರಲಿಲ್ಲ, ಅಲ್ವಾ? ದಯವಿಟ್ಟು ಆ ಸಂದೇಶವನ್ನು ಸುಮ್ನೆ ಮುಂದಕ್ಕೆ ಕಳಿಸಬೇಡಿ.