ಐರ್ಲೆಂಡಿನ ಜನ ಚರ್ಚಿನಿಂದ ದೂರವಾದದ್ದು ಯಾಕೆ?

ಯುರೋಪಿನಲ್ಲಿ ಚರ್ಚುಗಳು ಖಾಲಿ ಹೊಡೆಯುತ್ತಿವೆ ಅನ್ನೋ ವಿಡಿಯೋ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಮತ್ತೆ ಸುತ್ತುತ್ತಿದೆ. ಕೆಳಗೆ ಎರಡೇ ಥರದ ಮಾತು. ಓದಿಕೊಂಡವರು ಜಾಸ್ತಿಯಾದರು, ಅದಕ್ಕೇ ದೇವರನ್ನು ಬಿಟ್ಟರು ಅಂತ ಕೆಲವರು. ಅವರ ಧರ್ಮದಲ್ಲೇ ಸತ್ವ ಇರಲಿಲ್ಲ ಅಂತ ಇನ್ನು ಕೆಲವರು. ನಾನು ಇರುವುದು ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನಲ್ಲಿ. ಇಲ್ಲಿ ನೋಡಿದ್ದಕ್ಕೂ ಈ ಎರಡು ಮಾತಿಗೂ ತಾಳೆಯಾಗುವುದಿಲ್ಲ.

1961ರಲ್ಲಿ ಐರ್ಲೆಂಡಿನ ನೂರು ಜನರಲ್ಲಿ 95 ಮಂದಿ ಕ್ಯಾಥೊಲಿಕರು. 2016ರಲ್ಲಿ 78. 2022ರ ಗಣತಿಯಲ್ಲಿ 69ಕ್ಕೆ ಬಂತು. ಯಾವ ಧರ್ಮವೂ ಇಲ್ಲ ಎಂದು ಬರೆಸಿದವರು 7 ಲಕ್ಷಕ್ಕೂ ಜಾಸ್ತಿ, ಅಂದರೆ ನೂರಕ್ಕೆ 14. (ಆ ಸಲ ಗಣತಿ ಫಾರಂನಲ್ಲಿ 'ಧರ್ಮ ಇಲ್ಲ' ಅನ್ನೋದನ್ನು ಮೊದಲ ಸಾಲಿಗೆ ತಂದಿದ್ದರು, ಅದರಿಂದಲೂ ಸ್ವಲ್ಪ ವ್ಯತ್ಯಾಸ ಆಗಿರಬಹುದು.) 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬಂದಾಗ ಇಲ್ಲಿನ ಫೀನಿಕ್ಸ್ ಪಾರ್ಕಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಇಡೀ ದೇಶದ ಜನಸಂಖ್ಯೆಯೇ ಆಗ 34 ಲಕ್ಷದ ಆಸುಪಾಸು!

ಅಂಥ ಭಕ್ತಿ ಎಲ್ಲಿಗೆ ಹೋಯಿತು? ಟ್ಯೂಮ್ ಅನ್ನೋ ಊರಿನ ಕತೆ ಕೇಳಿ. ಮದುವೆಯಾಗದೆ ಬಸಿರಾದ ಹೆಣ್ಣುಮಕ್ಕಳನ್ನು ಇಡಲು ಅಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಒಂದು ಮನೆ ಇತ್ತು. 1961ರಲ್ಲಿ ಮುಚ್ಚಿತು. ಆ ಊರಿನ ಇತಿಹಾಸ ಹುಡುಕುತ್ತಿದ್ದ ಕ್ಯಾಥರಿನ್ ಕಾರ್ಲೆಸ್ ಎಂಬ ಗೃಹಿಣಿ, ಅಲ್ಲಿ ಸತ್ತ ಮಕ್ಕಳ ಮರಣ ಪತ್ರಗಳನ್ನು ತಮ್ಮ ಕೈಯಿಂದಲೇ ದುಡ್ಡು ಕೊಟ್ಟು ತೆಗೆಸುತ್ತಾ ಹೋದರು. 796 ಮಕ್ಕಳು. ಹೂತ ದಾಖಲೆ ಎಲ್ಲೂ ಇಲ್ಲ. 2017ರಲ್ಲಿ ಸರ್ಕಾರದ ಆಯೋಗ ಅಗೆಸಿ ನೋಡಿದಾಗ, ಹಳೆಯ ಮಲದ ಗುಂಡಿಗೆ ಸೇರಿದಂತೆ ಕಾಣುವ ನೆಲದಡಿಯ ಕಟ್ಟಡದಲ್ಲಿ ಎಳೆಯ ಮಕ್ಕಳ ಮೂಳೆಗಳು ಸಿಕ್ಕವು. ಇದರ ಜೊತೆಗೆ ಪಾದ್ರಿಗಳಿಂದ ಮಕ್ಕಳ ಮೇಲಾದ ಲೈಂಗಿಕ ದೌರ್ಜನ್ಯ, ಅದನ್ನು ಬಿಷಪ್ಪರು ಮುಚ್ಚಿಟ್ಟದ್ದು, ಇವೆಲ್ಲ 2009ರ ಎರಡು ಸರ್ಕಾರಿ ವರದಿಗಳಲ್ಲಿ ಹೊರಬಂದಿದ್ದವು. ಇದನ್ನೆಲ್ಲ ಪೇಪರಿನಲ್ಲಿ ಓದಿದ ತಾಯಿಗೆ ಮತ್ತೆ ಭಾನುವಾರ ಅದೇ ಬೆಂಚಿನಲ್ಲಿ ಹೋಗಿ ಕೂರುವ ಮನಸ್ಸು ಹೇಗೆ ಬಂದೀತು?

ಇನ್ನು ಸವಿತಾ. ನಮ್ಮ ಬೆಳಗಾವಿಯ ಹೆಣ್ಣುಮಗಳು, ದಂತವೈದ್ಯೆ, ಸವಿತಾ ಹಾಲಪ್ಪನವರ. 2012ರ ಅಕ್ಟೋಬರ್, ಗಾಲ್ವೇಯ ಆಸ್ಪತ್ರೆ, ಹದಿನೇಳು ವಾರದ ಬಸುರಿ. ಮಗು ಉಳಿಯುವುದಿಲ್ಲ ಅಂತ ವೈದ್ಯರಿಗೇ ಗೊತ್ತಿತ್ತು. ಗರ್ಭ ತೆಗೆಯಿರಿ ಎಂದು ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆ ಎಂದು ತೆಗೆಯಲಿಲ್ಲ. ಇದು ಕ್ಯಾಥೊಲಿಕ್ ದೇಶ ಎಂದು ತಾನು ಹೇಳಿದ್ದು ನಿಜ ಅಂತ ಹೆರಿಗೆ ವಿಭಾಗದ ಸಿಬ್ಬಂದಿಯೊಬ್ಬರು ಆಮೇಲೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ನಂಜೇರಿ 28ನೇ ತಾರೀಕು ಸವಿತಾ ತೀರಿಕೊಂಡರು. ಮೂವತ್ತೊಂದೇ ವರ್ಷ. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಗರ್ಭಪಾತ ತಡೆಯುವ ತಿದ್ದುಪಡಿಯನ್ನು ಐರಿಷ್ ಜನ 1983ರಲ್ಲಿ ನೂರಕ್ಕೆ 67 ಮತ ಕೊಟ್ಟು ಸಂವಿಧಾನಕ್ಕೆ ಸೇರಿಸಿದ್ದರು. 2018ರ ಮೇ ತಿಂಗಳಲ್ಲಿ ನೂರಕ್ಕೆ 66 ಮತ ಕೊಟ್ಟು ಅದನ್ನೇ ಕಿತ್ತುಹಾಕಿದರು. ಸವಿತಾ ಅವರ ತಂದೆ ಬೆಳಗಾವಿಯಿಂದಲೇ ಮತದಾರರಲ್ಲಿ ಮನವಿ ಮಾಡಿದ್ದರು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬಿಡಿಸಿದ್ದ ಆಕೆಯ ಚಿತ್ರದ ಸುತ್ತ ಜನ ಚೀಟಿ ಅಂಟಿಸಿ ಹೋದರು, ಕ್ಷಮಿಸು ಅಂತ ಬರೆದು.

ನಮ್ಮ ಪಕ್ಕದ ಮನೆಯ ಅಜ್ಜಿ ಎರಡು ಸಲವೂ ಮತ ಹಾಕಿದವರು. ಮೊದಲ ಸಲ ಪಾದ್ರಿ ಹೇಳಿದಂತೆ, ಎರಡನೇ ಸಲ ಪಾದ್ರಿ ಹೇಳಿದ್ದಕ್ಕೆ ವಿರುದ್ಧ. ಅವರ ಅಡುಗೆಮನೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟ ಇದೆ, ಅದರ ಕೆಳಗಿನ ಸಣ್ಣ ಕೆಂಪು ದೀಪ ಹಗಲಿರುಳೂ ಉರಿಯುತ್ತದೆ. ಜಪಸರ ಈಗಲೂ ತಪ್ಪಿಸುವುದಿಲ್ಲ. ಚರ್ಚಿಗೆ ಮಾತ್ರ ಕಾಲಿಡುವುದಿಲ್ಲ. ಇವರನ್ನು ದೇವರನ್ನು ಬಿಟ್ಟವರು ಅನ್ನೋದು ಹೇಗೆ? ಅದೇ ಚರ್ಚಿನಲ್ಲಿ ಈಗ ಮುಂದಿನ ಸಾಲುಗಳಲ್ಲಿ ಕೂರುವವರು ಮಲಯಾಳಿ ನರ್ಸುಗಳು, ಫಿಲಿಪೀನ್ಸಿನವರು, ನಮ್ಮ ಮಂಗಳೂರು ಕಡೆಯ ಒಂದೆರಡು ಕುಟುಂಬ.

ನನ್ನ ಮಟ್ಟಿಗೆ ಇಲ್ಲಿ ಸೋತದ್ದು ಭಕ್ತಿಯಲ್ಲ. ಶಾಲೆ, ಆಸ್ಪತ್ರೆ, ಕಾನೂನು ಮೂರನ್ನೂ ಕೈಯಲ್ಲಿ ಹಿಡಿದುಕೊಂಡು ಯಾರಿಗೂ ಲೆಕ್ಕ ಕೊಡದೆ ನಡೆದ ಅಧಿಕಾರ ಸೋತಿತು. ಅದು ಬೀಳಬೇಕಿತ್ತು, ಬಿತ್ತು. ಆದರೆ ಅದರ ಜೊತೆಗೆ ಭಾನುವಾರ ಊರಿಗೆ ಊರೇ ಒಂದು ಕಡೆ ಸೇರುವುದು, ಕಾಯಿಲೆಯವರ ಮನೆಗೆ ಯಾರಾದರೂ ಹೋಗಿ ಬರುವುದು, ಇವೂ ಕಮ್ಮಿಯಾದವು. ಅದಕ್ಕೆ ನನಗೆ ನಿಜವಾಗಿ ಬೇಜಾರಿದೆ.

ಅಧಿಕಾರ ಪೂರ್ತಿ ಹೋಗಿದೆ ಅಂತಲೂ ಅಲ್ಲ. ಇಲ್ಲಿನ ಹತ್ತು ಪ್ರಾಥಮಿಕ ಶಾಲೆಗಳಲ್ಲಿ ಸುಮಾರು ಒಂಬತ್ತು ಈಗಲೂ ಕ್ಯಾಥೊಲಿಕ್ ಆಡಳಿತದಲ್ಲೇ ಇವೆ. ಸಂಬಳ ಕೊಡುವುದು ಸರ್ಕಾರ. ಎರಡನೇ ತರಗತಿಯ ಮಕ್ಕಳಿಗೆ ಮೊದಲ ಪರಮಪ್ರಸಾದದ (ಚರ್ಚಿನಲ್ಲಿ ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವ ವಿಧಿ) ತಯಾರಿ ಶಾಲೆಯ ಹೊತ್ತಿನಲ್ಲೇ ನಡೆಯುತ್ತದೆ, ಬೇಡ ಅಂದವರ ಮಕ್ಕಳು ಅದೇ ಕ್ಲಾಸಿನ ಹಿಂದೆ ಸುಮ್ನೆ ಬಣ್ಣ ಹಚ್ಚುತ್ತಾ ಕೂರುತ್ತಾರೆ. ಆ ತಯಾರಿಯನ್ನು ಚರ್ಚಿನಲ್ಲಿ, ಭಾನುವಾರ, ಬೇಕು ಅನ್ನುವವರಿಗೆ ಮಾಡಿಸಲಿ. ನಾಲ್ಕೇ ಮಕ್ಕಳು ಬಂದರೂ ಮನಸ್ಸಿಟ್ಟು ಬಂದವರಾಗಿರುತ್ತಾರೆ, ಅಲ್ವಾ?