ಮಷೀನು ಎಷ್ಟು ಹೊತ್ತು ಸಿಗುತ್ತೆ ಅಂತ ಕೇಳು

ಹಾಸನದಿಂದ ಅಕ್ಕನ ಮಗ ಫೋನ್ ಮಾಡಿದ್ದ. ಎಂ.ಟೆಕ್ ಮುಗಿಯುತ್ತಾ ಬಂದಿದೆ, ಎಂಆರ್‌ಐ ಮೇಲೆ ಪಿಎಚ್‌ಡಿ ಮಾಡುವ ಆಸೆ. "ಮಾಮ, ಜರ್ಮನಿಯಲ್ಲಿ ಸ್ಟೈಪೆಂಡ್ ಎಷ್ಟು?"

ಇಲ್ಲಿ ಅದು ಹೆಚ್ಚಾಗಿ ಸ್ಟೈಪೆಂಡ್ ಅಲ್ಲ, ಸಂಬಳ. ಇಲ್ಲಿಯ ಎರ್ಲಾಂಗೆನ್ ಅನ್ನೋ ಊರಲ್ಲಿ ಪಿಎಚ್‌ಡಿಗೆ ಸೇರಿದಾಗ ನಾನು ಸಹಿ ಹಾಕಿದ್ದು ಕೆಲಸದ ಕರಾರಿಗೆ. ವರ್ಷಕ್ಕೆ 30 ದಿನ ರಜೆ, ಪಿಂಚಣಿಗೆ ಕಡಿತ, ಎಲ್ಲ ಉಂಟು. ಹಾಗಂತ ಹಿಗ್ಗಬೇಡಿ. ಎಷ್ಟೋ ಕಡೆ ಸಂಬಳ ಮುಕ್ಕಾಲು, ದುಡಿಮೆ ಪೂರ್ತಿ. ನಮ್ಮಲ್ಲಿ ಜೆಆರ್‌ಎಫ್, ಅಂದರೆ ಪಿಎಚ್‌ಡಿ ಮಾಡುವವರಿಗೆ ಸರ್ಕಾರ ಕೊಡುವ ಫೆಲೋಶಿಪ್, 2023ರಿಂದ ತಿಂಗಳಿಗೆ 37,000 ರೂಪಾಯಿ ಆಗಿದೆ. ದುಡ್ಡಿನ ಮಾತು ಇಷ್ಟು ಸಾಕು. (ಮದುವೆ ಮನೆಯಲ್ಲಿ "ಇನ್ನೂ ಓದ್ತಾನೇ ಇದ್ದೀಯಾ?" ಅಂದವರಿಗೆ "ಕೆಲಸದಲ್ಲಿದ್ದೀನಿ" ಅನ್ನಬಹುದು, ಅದೊಂದು ಲಾಭ.)

ನಿಜವಾದ ಅಂತರ ಮಷೀನಿನದು. ಬೆಂಗಳೂರಲ್ಲಿ ನನ್ನ ಎಂ.ಟೆಕ್ ಪ್ರಾಜೆಕ್ಟೂ ಎಂಆರ್‌ಐ ಮೇಲೆಯೇ ಇತ್ತು. ಚಿತ್ರಗಳೆಲ್ಲ ಡೌನ್‌ಲೋಡ್ ಮಾಡಿದವು. ಮಷೀನನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಆಸ್ಪತ್ರೆಯವರನ್ನು ಬೈಯುವ ಹಾಗೂ ಇಲ್ಲ. ಬೆಳಗಿನಿಂದ ರಾತ್ರಿವರೆಗೆ ರೋಗಿಗಳ ಸಾಲು, ನನಗೆಲ್ಲಿ ಜಾಗ?

ಇಲ್ಲಿ ಮೂರನೇ ತಿಂಗಳಿಗೇ ಮಷೀನಿನೊಳಗೆ ಮಲಗಿದ್ದೆ, ನಾನೇ ಬರೆದ ಕೋಡ್ ಪರೀಕ್ಷಿಸೋಕೆ. ಬೆಲ್ಟು, ವಾಚು, ಕೀ ತೆಗೆದಿಟ್ಟೆ. ಉಡದಾರ ಮರೆತಿದ್ದೆ. ಬೆಳ್ಳಿ ಆಯಸ್ಕಾಂತಕ್ಕೆ ಅಂಟಲ್ಲ, ಆದರೂ ಲೋಹ ಲೋಹವೇ, ಬಿಸಿಯಾಗಬಹುದು. ಇದೇನು ಅಂತ ಟೆಕ್ನಿಶಿಯನ್ ಕೇಳಿದರು. ಜರ್ಮನ್‌ನಲ್ಲಿ ಅದಕ್ಕೆ ನನ್ನ ಹತ್ತಿರ ಪದ ಇರಲಿಲ್ಲ. "ಅಜ್ಜಿ ಹಾಕಿದ್ದು" ಅಂದೆ. ಆಮೇಲೆ 40 ನಿಮಿಷ ಕಿವಿ ಪಕ್ಕದಲ್ಲೇ ಕೊಡಪಾನ ಬಡಿದ ಹಾಗೆ ಸದ್ದು. ಹೊರಗೆ ಬಂದು ನೋಡಿದರೆ ಚಿತ್ರವೆಲ್ಲ ಕಲಸುಮೇಲೋಗರ! ತಪ್ಪು ಕೋಡಿನಲ್ಲೇ ಇತ್ತು. ಎರಡು ದಿನ ಬಿಟ್ಟು, ನನ್ನ ಬದಲು ಅನಾನಸ್ ಮಲಗಿಸಿ ಸರಿಮಾಡಿದೆವು.

ಆಸ್ಪತ್ರೆ ಮಷೀನು ಮಾಡೋದು ಈ ಊರಿಗೆ ಹಳೇ ಅಭ್ಯಾಸ. ರೈನಿಗರ್ ಅನ್ನೋ ಮೆಕ್ಯಾನಿಕ್ 1877ರಲ್ಲೇ ಇಲ್ಲಿ ವರ್ಕ್‌ಶಾಪ್ ತೆರೆದಿದ್ದ. 1895ರಲ್ಲಿ ವುರ್ಟ್ಸ್‌ಬರ್ಗ್‌ನಲ್ಲಿ ರಾಂಟ್ಜೆನ್ ಎಕ್ಸ್-ರೇ ಕಂಡುಹಿಡಿದ, ಮರುವರ್ಷವೇ ರೈನಿಗರ್‌ನ ಕಂಪನಿ ಎಕ್ಸ್-ರೇ ಟ್ಯೂಬು ಮಾಡತೊಡಗಿತು. ಅದೇ ಮುಂದೆ ಸೀಮೆನ್ಸ್ ಪಾಲಾಯಿತು. ಇವತ್ತಿಗೂ ಯೂನಿವರ್ಸಿಟಿ, ಆಸ್ಪತ್ರೆ, ಕಂಪನಿ ಮೂರೂ ಸೈಕಲ್ ತುಳಿದು ಮುಟ್ಟುವಷ್ಟು ಹತ್ತಿರ.

ಬೆಂಗಳೂರಲ್ಲೂ ಎಲ್ಲ ಇದೆ ಅಲ್ವಾ? ಐಐಎಸ್‌ಸಿ, ನಿಮ್ಹಾನ್ಸ್, ಮಷೀನು ಮಾಡುವ ಕಂಪನಿಗಳಾದ ಜಿಇ, ಸೀಮೆನ್ಸ್, ಫಿಲಿಪ್ಸ್. ನಡುವೆ ಟ್ರಾಫಿಕ್ಕೂ ಇದೆ, ಅದಕ್ಕಿಂತ ಜಾಸ್ತಿ ಫೈಲುಗಳು. ಆದರೆ ಮಿದುಳಿನ ಕ್ಷಯ, ಮಿದುಳಿಗೆ ಸೇರಿದ ಲಾಡಿಹುಳದ ಗಂಟು, ಇವನ್ನು ಜರ್ಮನಿಯ ಡಾಕ್ಟರು ನೋಡುವುದೇ ಅಪರೂಪ. ಅಂಥದ್ದರ ಮೇಲೆ ಕೆಲಸ ಮಾಡುವವರು ವಿಮಾನ ಹತ್ತಿ ಇಲ್ಲಿಗೆ ಬರುವುದು ದಡ್ಡತನ.

ಹುಡುಗನಿಗೆ ಹೇಳಿದೆ, "ಎಲ್ಲೇ ಅರ್ಜಿ ಹಾಕು, ವಾರಕ್ಕೆ ಎಷ್ಟು ಗಂಟೆ ಮಷೀನು ನನಗೆ ಸಿಗುತ್ತೆ ಅಂತ ಮೊದಲು ಕೇಳು."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಗೈಡ್ ಹತ್ರ ಹಾಗೆಲ್ಲ ಕೇಳಬಹುದಾ ಮಾಮ?" ಅಂದ.